ಸಿಪ್ಪೆ ತುಂಬಿದ ಗೋಡೆ

ಶಿರ್ತಾಡಿಯ ಸುತ್ತಮುತ್ತ ಯಾರ ಮನೆಯ ಗೃಹಪ್ರವೇಶವಾಗಲಿ, ಯಾವ ಶಾಲೆಯ ವಾರ್ಷಿಕೋತ್ಸವವಾಗಲಿ, ಮೈಕಿನ ಮುಂದೆ ಎಲ್ಲರಿಗಿಂತ ಮೊದಲು ನಿಲ್ಲುತ್ತಿದ್ದವನು ಶಂಭು. ‘ಹಲೋ, ಹಲೋ, ಚೆಕ್’ ಎಂದು ಹೇಳಿ ಪಕ್ಕಕ್ಕೆ ಸರಿದರೆ ಅವನ ಮಾತು ಮುಗಿಯಿತು. ಉಳಿದ ಹೊತ್ತೆಲ್ಲ ವೇದಿಕೆಯ ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಆಂಪ್ಲಿಫೈಯರಿನ ಪುಟ್ಟ ಕೆಂಪು ದೀಪಗಳನ್ನು ನೋಡುತ್ತ ಕೂರುವುದು. ಐವತ್ತು ದಾಟಿದ ಮೇಲೂ ಊರಿನವರ ಬಾಯಲ್ಲಿ ಅವನು ಮೈಕ್ ಶಂಭುವೇ. ಹೆಂಡತಿ ಸ್ವರ್ಣಲತಾಳನ್ನು ಅವನು ಮೊದಲು ನೋಡಿದ್ದೂ ಅವಳ ಅಕ್ಕನ ಮದುವೆಗೆ ಮೈಕ್ ಕಟ್ಟಲು ಹೋದಾಗ. ‘ನಿಮ್ಮ ಪೆಟ್ಟಿಗೆ ಕುಂಯ್ ಅಂತದೆ, ನಾಯಿ ಬಾಲ ಮೆಟ್ಟಿದ ಹಾಗೆ’ ಎಂದು ಅವಳು ಬಂದು ದೂರಿದ್ದಳು.

ಆ ಕೆಲಸಕ್ಕೆ ಅದರದೇ ರೀತಿಗಳಿದ್ದವು. ಸಂಜೆ ಕಟ್ಟಿದ್ದನ್ನು ಮರುದಿನ ಬಿಚ್ಚಬೇಕು. ಆದ್ದರಿಂದ ಯಾವುದನ್ನೂ ಶಾಶ್ವತವಾಗಿ ಜೋಡಿಸುವ ಹಾಗಿಲ್ಲ. ವಯರಿನ ತುದಿಯನ್ನು ಹಲ್ಲಿನಲ್ಲಿ ಸುಲಿದು, ತಾಮ್ರದ ಎಳೆಗಳನ್ನು ಬೆರಳಲ್ಲಿ ಹೊಸೆದು, ಮೇಲೆ ಕಪ್ಪು ಟೇಪು ಸುತ್ತಿದರೆ ಆಯಿತು. ಎರಡನೆಯದು, ಕಾರ್ಯಕ್ರಮ ನಡುವೆ ನಿಲ್ಲಬಾರದು. ಅತಿಥಿಗಳು ಭಾಷಣ ಮಾಡುವಾಗ ಫ್ಯೂಸ್ ಹೋದರೆ ಸಭೆಯೆಲ್ಲ ತಿರುಗಿ ಮೈಕಿನವನನ್ನೇ ನೋಡುತ್ತದೆ. ಹಾಗಾಗಿ ಫ್ಯೂಸಿಗೆ ತೆಳು ತಂತಿಯ ಬದಲು ದಪ್ಪ ತಂತಿ ಕಟ್ಟುವುದನ್ನು ಶಂಭು ತನ್ನ ಗುರುವಿನಿಂದಲೇ ಕಲಿತಿದ್ದ. ಬಯಲಿನಲ್ಲಿ ಇದರಿಂದ ಯಾರಿಗೂ ಏನೂ ಆದದ್ದಿಲ್ಲ. ಬಿಸಿಯಾದದ್ದು ಗಾಳಿಗೆ ಆರುತ್ತಿತ್ತು. ಬಿಚ್ಚುವಾಗ ಎಲ್ಲಾದರೂ ಟೇಪು ಕರಗಿ ಅಂಟಿದ್ದರೆ ಆ ತುಂಡನ್ನು ಕತ್ತರಿಸಿ ಎಸೆದು ಮುಂದಿನ ಮನೆಗೆ ಹೋಗುತ್ತಿದ್ದ.

ಈಚಿನ ವರ್ಷಗಳಲ್ಲಿ ಮುಂದಿನ ಮನೆ ಸಿಗುವುದು ಕಡಿಮೆಯಾಯಿತು. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು. ಮದುವೆಗಳಿಗೆ ಲಾರಿ ತುಂಬ ಪೆಟ್ಟಿಗೆಗಳನ್ನು ತರುವ ಹುಡುಗರು ಬಂದರು. ಶಂಭುವಿನ ಸ್ಪೀಕರುಗಳು ಕೊಟ್ಟಿಗೆ ಸೇರಿ ಇಲಿಗಳ ಪಾಲಾಗತೊಡಗಿದವು. ಅಂಥ ಹೊತ್ತಿನಲ್ಲಿ ವಿಟ್ಲದಿಂದ ಒಂದು ನಿಶ್ಚಿತಾರ್ಥದ ಕರೆ ಬಂತು. ಮನೆ ಅಬ್ದುಲ್ ರವೂಫನದು. ದುಬೈಯಲ್ಲಿ ಅಂಗಡಿಯಿಟ್ಟು ಈಗ ಊರಲ್ಲೇ ನಿಂತವನು. ಕೆಲಸ ಮುಗಿದ ಮೇಲೆ ಅವನು ಶಂಭುವಿಗೆ ಮಾಳಿಗೆಯ ಖಾಲಿ ಕೋಣೆಯೊಂದನ್ನು ತೋರಿಸಿದ.

‘ಇದು ಹೋಮ್ ಥಿಯೇಟರಿಗೆ ಅಂತ ಇಟ್ಟದ್ದು ಶಂಭಣ್ಣ. ಮಂಗಳೂರಿನವರು ಬಂದು ಅಳತೆ ತೆಗ್ದು ಹೋದ್ರು. ಅವರು ಹೇಳಿದ ರೇಟಿಗೆ ನಾನು ಒಂದು ಟಾಕೀಸೇ ಕಟ್ಟಬಹುದು!’

‘ಅದರಲ್ಲೆಂಥ ದೊಡ್ಡ ಕೆಲಸ ಉಂಟು ರವೂಫ್ ಭಾಯಿ? ನಾನು ಮಾಡಿಕೊಡ್ತೇನೆ.’

‘ನೀವು ಬಯಲಿನವರು ಮಾರಾಯ್ರೇ. ಕೋಣೆ ಒಳಗೆ ಮಾಡಿ ಗೊತ್ತುಂಟಾ?’

‘ಮೊದ್ಲು ನನ್ನ ಮನೆಯಲ್ಲಿ ಮಾಡ್ತೇನೆ. ನೀವು ಮನೆಯವರನ್ನೆಲ್ಲ ಕರ್ಕೊಂಡು ಬಂದು ನೋಡಿ. ಸರಿ ಕಂಡ್ರೆ ಕೊಡಿ.’

‘ಸರಿ ಕಂಡ್ರೆ ನಂದು ಮಾತ್ರ ಅಲ್ಲ, ನನ್ನ ಭಾವಂದಿರದ್ದೂ ನಿಮಗೇ. ಬಂಟ್ವಾಳದಿಂದ ಬೆಳ್ತಂಗಡಿವರೆಗೆ ಕೆಲಸ ಉಂಟು.’

ಬಸ್ಸಿನಲ್ಲಿ ಮನೆಗೆ ಮರಳುವಾಗಲೇ ಶಂಭು ತನ್ನ ಉಳಿದ ಆಯುಷ್ಯವನ್ನು ಆ ಒಂದು ಕೋಣೆಯ ಮೇಲೆ ಇಟ್ಟಾಗಿತ್ತು.

ಅವನ ಮನೆಯ ಹಿಂಬದಿಯಲ್ಲಿ ಕೆಂಪುಕಲ್ಲಿನ ಉಗ್ರಾಣವೊಂದಿತ್ತು. ಹಂಚಿನ ಮಾಡು, ಅದರ ಕೆಳಗೆ ಗೋಡೆಯಿಂದ ಗೋಡೆಗೆ ಹಾದ ಹಲಸಿನ ತೊಲೆ. ಆ ತೊಲೆ ಅಲ್ಲಿಗೇ ನಿಲ್ಲದೆ ಗೋಡೆ ದಾಟಿ ಪಕ್ಕದ ಕೋಣೆಯ ಭಾರವನ್ನೂ ಹೊತ್ತಿತ್ತು. ಆ ಕೋಣೆಯಲ್ಲಿ ಮಲಗುವವಳು ಮೂಡುಬಿದಿರೆಯಲ್ಲಿ ಓದುವ ಮಗಳು ಪ್ರಾಪ್ತಿ. ಶಂಭು ಉಗ್ರಾಣದ ಇದ್ದೊಂದು ಕಿಟಕಿಯನ್ನು ಕಲ್ಲಿಟ್ಟು ಮುಚ್ಚಿದ. ನಡುವೆ ನಿಂತು ಚಪ್ಪಾಳೆ ತಟ್ಟಿದಾಗ ಸದ್ದು ಗೋಡೆಗೆ ಬಡಿದು ತಗಡಿನಂತೆ ಮರಳಿ ಬಂತು. ಪೇಟೆಯಲ್ಲಿ ಇದಕ್ಕೆಂದೇ ಸಿಗುವ ಉಣ್ಣೆಯಂಥ ಹಾಳೆಗಳಿವೆ ಎಂದು ಅವನಿಗೆ ಗೊತ್ತಿತ್ತು. ಆದರೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಹಿಂದೊಮ್ಮೆ ಒಂದು ಮನೆಯಂಗಳದಲ್ಲಿ ಕಾರ್ಯಕ್ರಮಕ್ಕೆ ಸ್ಪೀಕರ್ ಇಟ್ಟಾಗ ಒಂದು ಬದಿಗೆ ಸದ್ದೇ ಹೋಗಿರಲಿಲ್ಲ. ಆ ಬದಿಯಲ್ಲಿದ್ದದ್ದು ಒಣಗಿದ ಅಡಿಕೆ ಸಿಪ್ಪೆಯ ರಾಶಿ. ಸಿಪ್ಪೆ ಸದ್ದನ್ನು ನುಂಗುತ್ತದೆ.

ಊರಲ್ಲಿ ಸಿಪ್ಪೆಗೇನು ಬರ. ಬಚ್ಚಲ ಒಲೆಗೆಂದು ಎಲ್ಲರ ಮನೆಯಲ್ಲೂ ಇರುತ್ತದೆ. ಶಂಭು ಗೋಣಿಚೀಲಗಳಿಗೆ ಸಿಪ್ಪೆ ತುಂಬಿ, ಹಾಸಿಗೆಯಂತೆ ಚಪ್ಪಟೆಯಾಗಿ ಹೊಲಿದು, ನಾಲ್ಕೂ ಗೋಡೆಗೆ ಮರದ ರೀಪು ಪಟ್ಟಿ ಹೊಡೆದು ಸಾಲಾಗಿ ಕೂರಿಸಿದ. ತೊಲೆಯ ಬುಡದ ಸಂದಿಗಳಿಗೆ ಸಿಪ್ಪೆಯನ್ನು ಕೈಯಿಂದಲೇ ಒತ್ತಿ ತುರುಕಿದ. ಗೋಣಿಯ ಹಿಂದಿನಿಂದ ವಯರು ಎಳೆದ. ಎಲ್ಲೆಲ್ಲಿ ವಯರು ಸಾಲಲಿಲ್ಲವೋ ಅಲ್ಲಲ್ಲಿ ಹಲ್ಲಿನಿಂದ ಸುಲಿದ, ಬೆರಳಲ್ಲಿ ಹೊಸೆದ, ಟೇಪು ಸುತ್ತಿದ. ಎಲ್ಲದರ ಮೇಲೆ ಶಾಮಿಯಾನದ ಮೆರೂನ್ ಬಟ್ಟೆ ಎಳೆದು ಕಟ್ಟಿದ. ಬಾಗಿಲಿಗೆ ಹಳೆಯ ರಜಾಯಿ ಬಡಿದ.

ಸ್ವರ್ಣಲತಾ ಹೊಸ್ತಿಲಲ್ಲಿ ನಿಂತು ನೋಡಿದಳು. ‘ಅಲ್ಲ ಮಾರಾಯ್ರೇ, ಇಷ್ಟು ಸಿಪ್ಪೆ ಗೋಡೆಗೆ ಹಾಕಿದ್ದೀರಿ. ಬೆಂಕಿ ಹಿಡಿದ್ರೆ?’

‘ಸಿಪ್ಪೆಗೆ ಬೆಂಕಿ ಹಿಡಿಸ್ಲಿಕ್ಕೆ ನೀನು ದಿನಾ ಊದಿ ಊದಿ ಕಣ್ಣು ಕೆಂಪು ಮಾಡುದು ನಾನು ನೋಡುದಿಲ್ವಾ?’

‘ಹಿಡಿಯುದು ಕಷ್ಟ, ಹೌದು. ಹಿಡಿದ ಮೇಲೆ ನಂದುದುಂಟಾ? ನಿನ್ನೆಯ ಕೆಂಡ ಇವತ್ತು ಬೆಳಿಗ್ಗೆ ಕೆದಕಿದ್ರೂ ಇರ್ತದೆ.’

ಅವನು ಬಾಗಿಲು ಮುಚ್ಚಿ ಚಪ್ಪಾಳೆ ತಟ್ಟಿದ. ಸದ್ದು ಅವನ ಅಂಗೈಯಲ್ಲೇ ಸತ್ತುಹೋಯಿತು. ಹೊರಗೆ ಸ್ವರ್ಣಲತಾ ಏನೋ ಹೇಳುತ್ತಿದ್ದಳು. ಒಂದಕ್ಷರವೂ ಒಳಗೆ ಬರಲಿಲ್ಲ. ತನ್ನ ಉಸಿರು ತನಗೇ ಕೇಳುವಷ್ಟು ನಿಶ್ಶಬ್ದ. ಒಂದು ಕ್ಷಣ ಅವನಿಗೆ ಹಿತವಾಗಲಿಲ್ಲ. ಆದರೆ ಕೆಲಸ ಗೆದ್ದಿತ್ತು.

ಪ್ರೊಜೆಕ್ಟರ್ ಬಂತು. ಬಯಲಿಗೆಂದು ಕೊಂಡಿದ್ದ ದೊಡ್ಡ ಆಂಪ್ಲಿಫೈಯರುಗಳನ್ನೇ ಒಳಗೆ ಇಟ್ಟ. ಮೊದಲ ದಿನ ಜೋರಾಗಿ ಹಾಕಿದಾಗ ಫ್ಯೂಸ್ ಹೋಯಿತು. ಶಂಭು ಒಂದು ಗಳಿಗೆಯೂ ಯೋಚಿಸದೆ ದಪ್ಪ ತಂತಿ ಕಟ್ಟಿದ. ಆಮೇಲೆ ಅದು ಹೋಗಲಿಲ್ಲ.

ಪರೀಕ್ಷೆ ಮಾಡುತ್ತ ಕೂತ ಸಂಜೆಗಳಲ್ಲಿ ಮನೆಯ ಬೆಕ್ಕು ಹಿಂಬದಿಯ ಮೂಲೆಗೆ ಹೋಗಿ ಗೋಡೆಗೆ ಬೆನ್ನು ಒತ್ತಿ ಮಲಗತೊಡಗಿತು. ಯಾವಾಗಲೂ ಅದೇ ಜಾಗ. ಶಂಭು ಅಲ್ಲಿ ಬಟ್ಟೆಯ ಮೇಲೆ ಕೈಯಿಟ್ಟು ನೋಡಿದ. ಹಸುವಿನ ಹೊಟ್ಟೆಯಂತೆ ಬೆಚ್ಚಗಿತ್ತು. ಆಂಪ್ಲಿಫೈಯರಿನ ಬಿಸಿ ಅಂದುಕೊಂಡ. ಆಂಪ್ಲಿಫೈಯರ್ ಇದ್ದದ್ದು ಎದುರಿನ ಮೂಲೆಯಲ್ಲಿ.

ರವೂಫ್ ಭಾನುವಾರ ಬರುವೆನೆಂದ. ಶನಿವಾರ ಶಂಭು ಮಧ್ಯಾಹ್ನದಿಂದ ಸಂಜೆಯವರೆಗೂ ಎಲ್ಲವನ್ನೂ ಪೂರ್ತಿ ಜೋರಿನಲ್ಲಿ ಓಡಿಸಿದ. ಜೊತೆಗೆ ಕೂತಿದ್ದ ಪ್ರಾಪ್ತಿ ತಲೆ ಹಿಡಿದುಕೊಂಡು ಎದ್ದಳು.

‘ಅಪ್ಪ, ತಲೆ ಸಿಡೀತದೆ. ಒಳಗೆ ಹೊಗೆ ವಾಸನೆ ಬೇರೆ.’

‘ಅಮ್ಮ ಬಚ್ಚಲಿಗೆ ಬೆಂಕಿ ಹಾಕಿದ್ದಾಳೆ ಮಗಾ.’

ನಿಜವೇ, ಹಾಕಿದ್ದಳು. ಸಂಜೆಯಾದರೆ ಆ ಊರಿನ ಪ್ರತಿ ಮನೆಯ ಹಿಂದಿನಿಂದ ಏಳುವ ವಾಸನೆ ಅದು. ಅಂಗಿಯಲ್ಲಿ, ತಲೆದಿಂಬಿನಲ್ಲಿ, ಮಕ್ಕಳ ತಲೆಗೂದಲಿನಲ್ಲಿ ಇರುವಂಥದು. ಆ ವಾಸನೆಗೆ ಅಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಆದರೂ ಪೇಟೆಯ ಗಿರಾಕಿ ಬರುವಾಗ ಬೇಡವೆಂದು, ‘ನಾಳೆ ಒಂದು ದಿನ ಬಚ್ಚಲಿಗೆ ಬೆಂಕಿ ಹಾಕ್ಬೇಡ, ತಣ್ಣೀರಲ್ಲಿ ಮಿಂದ್ರೆ ಯಾರೂ ಸಾಯುದಿಲ್ಲ’ ಎಂದು ಸ್ವರ್ಣಲತಾಳಿಗೆ ಹೇಳಿದ. ಬೆಳಿಗ್ಗೆ ಕೋಣೆಯೊಳಗೆ ಗುಲಾಬಿ ಪರಿಮಳದ ಸ್ಪ್ರೇ ಹೊಡೆದು ಬಾಗಿಲು ಹಾಕಿದ.

ಮಧ್ಯಾಹ್ನದ ಊಟ ಕಳೆದು ರವೂಫನ ಕಾರು ಬಂತು. ಅವನ ಹೆಂಡತಿ ಸಜ್ನಾ, ತಾಯಿ ಖತೀಜಮ್ಮ, ಜೊತೆಗೆ ಮೂವರು ಸಣ್ಣ ಮಕ್ಕಳು. ಸ್ವರ್ಣಲತಾ ಅಡುಗೆಮನೆಯಲ್ಲಿ ಗೋಳಿಬಜೆ ಕರಿಯಲು ಹಿಟ್ಟು ಕಲಸುತ್ತಿದ್ದಳು. ಪ್ರಾಪ್ತಿ ಅವಳ ಜೊತೆಗಿದ್ದಳು. ಶಂಭು ಅತಿಥಿಗಳನ್ನು ಒಳಗೆ ಕೂರಿಸಿ ಬಾಗಿಲು ಎಳೆದ.

‘ಎಂತ ಕತ್ತಲೆ ಮೋನೆ, ಖಬರಿನ ಗುಂಡಿಯ ಹಾಗೆ’ ಎಂದರು ಖತೀಜಮ್ಮ ಮಗನಿಗೆ.

‘ಸುಮ್ನೆ ಕೂತ್ಕೊಳ್ಳಿ ಉಮ್ಮ’ ಎಂದು ರವೂಫ್ ನಕ್ಕ. ‘ಈಗ ಶುರು ಆಗ್ತದೆ.’

ಪರದೆಯ ಮೇಲೆ ಸಮುದ್ರ ಎದ್ದಿತು. ಗಾಳಿ ಬಲಗಿವಿಯಿಂದ ಹೊರಟು ಎಡಗಿವಿಗೆ ಹೋಯಿತು. ಅಲೆ ಬಂದು ಎದೆಗೇ ಬಡಿಯಿತು. ಮಕ್ಕಳು ಕಿರುಚಿ ತಾಯಿಯನ್ನು ಅವುಚಿಕೊಂಡರು. ‘ಹೌದಲ್ಲ ಮಾರಾಯ್ರೇ!’ ಎಂದು ರವೂಫ್ ಕುರ್ಚಿಯ ತುದಿಗೆ ಬಂದ. ಹಿಂದಿನ ಸಾಲಿನಲ್ಲಿ ನಿಂತಿದ್ದ ಶಂಭುವಿಗೆ ಎಷ್ಟೋ ವರ್ಷಗಳಿಂದ ಯಾರೂ ಹಾಗೆ ಹೇಳಿರಲಿಲ್ಲ. ವಿಟ್ಲದ ಕೋಣೆ ಆಗಲೇ ತನ್ನದಾಯಿತೆಂದು ಅವನಿಗೆ ಅನಿಸಿತು.

ಸ್ವಲ್ಪ ಹೊತ್ತಿಗೆ ಮಕ್ಕಳ ಕಿರುಚಾಟ ನಿಂತಿತು. ಕಿರಿಯವಳು ಸಜ್ನಾಳ ತೋಳಿಗೆ ತಲೆಯಿಟ್ಟಳು. ಖತೀಜಮ್ಮ ಹಿಂದೆ ತಿರುಗಿ ಕೈಯಾಡಿಸಿ ಶಂಭುವನ್ನು ಕರೆದರು. ಅವನು ಬಾಗಿದ.

‘ಬಚ್ಚಲಿಗೆ ಬೆಂಕಿ ಹಾಕಿದ್ದೀರಾ ಮೋನೆ? ಸಿಪ್ಪೆ ವಾಸನೆ ಬರ್ತದೆ.’

‘ಹೌದುಮ್ಮ, ಹಳ್ಳಿಯಲ್ಲಿ ಇದ್ದದ್ದೇ’ ಎಂದ ಶಂಭು. ನಾಲಿಗೆ ತಾನಾಗಿ ಹೇಳಿದ ಮಾತು. ನೆಟ್ಟಗೆ ನಿಂತ ಮೇಲೆ ಅವನಿಗೆ ನೆನಪಾಯಿತು. ಇವತ್ತು ಬಚ್ಚಲಿಗೆ ಬೆಂಕಿ ಹಾಕಿಲ್ಲ. ಬೇಡವೆಂದು ಹೇಳಿದ್ದು ತಾನೇ.

ಅವನು ಗೋಡೆಗೆ ಕೈ ಚಾಚಿದ. ಬಟ್ಟೆ ಒಣಗಿ ಗರಿಗರಿಯಾಗಿತ್ತು. ಒತ್ತಿದಾಗ ಬೆರಳುಗಳಿಗೆ ಗೋಣಿ ತಾಗಲಿಲ್ಲ. ಅದರ ಹಿಂದೆ ಏನೂ ಇಲ್ಲವೆಂಬಂತೆ ಕೈ ಒಳಗೆ ಹೋಯಿತು, ಅಷ್ಟೇ ವೇಗದಲ್ಲಿ ಸುಟ್ಟುಕೊಂಡು ಹೊರಗೆ ಬಂತು.

ಆಗಲೂ ಅವನು ತಕ್ಷಣ ಏನೂ ಮಾಡಲಿಲ್ಲ. ಪರದೆಯ ಮೇಲೆ ಹಡಗು ಓರೆಯಾಗುತ್ತಿತ್ತು. ಈ ದೃಶ್ಯ ಇನ್ನೇನು ಮುಗಿಯುತ್ತದೆ. ಆಮೇಲೆ ಚಾ ಕುಡಿಯಲು ಎಂದು ಎಲ್ಲರನ್ನೂ ಎಬ್ಬಿಸಬಹುದು. ರವೂಫನಿಗೆ ತಿಳಿಯುವುದೇ ಬೇಡ. ಜೀವಮಾನದಲ್ಲಿ ಅವನು ಒಂದೇ ಒಂದು ಕಾರ್ಯಕ್ರಮವನ್ನೂ ನಡುವೆ ನಿಲ್ಲಿಸಿದವನಲ್ಲ. ಸುಟ್ಟ ಕೈಯನ್ನು ಕಂಕುಳಲ್ಲಿ ಒತ್ತಿಕೊಂಡು ಅವನು ಕಾದ. ಸಜ್ನಾಳ ತೋಳಿನಿಂದ ಮಗುವಿನ ತಲೆ ಜಾರಿ ಕುರ್ಚಿಯ ಹಿಡಿಗೆ ತಾಗಿತು. ಮಗು ಅಳಲಿಲ್ಲ, ಕಣ್ಣನ್ನೂ ಬಿಡಲಿಲ್ಲ.

ಶಂಭು ಪ್ಲಗ್ಗು ಕಿತ್ತ.

ಸಮುದ್ರ ನಿಂತುಹೋದ ಆ ಕತ್ತಲಲ್ಲಿ ಎಲ್ಲರಿಗೂ ಒಂದು ಸದ್ದು ಕೇಳಿಸಿತು. ಒಣಗಿದ ತರಗೆಲೆಯ ಮೇಲೆ ಯಾರೋ ಮೆಲ್ಲನೆ ನಡೆಯುವಂಥ ಸದ್ದು. ಅದು ಗೋಡೆಯೊಳಗಿತ್ತು. ಮೇಲಕ್ಕೆ ಹೋಗುತ್ತಿತ್ತು.

‘ಎಂತ ಶಂಭಣ್ಣ, ಇಂಟರ್ವಲ್ಲಾ?’

‘ಹೊರಗೆ ಬನ್ನಿ. ಎಲ್ಲರೂ ಹೊರಗೆ ಬನ್ನಿ. ಮಗುವನ್ನು ಎತ್ತಿಕೊಳ್ಳಿ!’

ಅಂಗಳದ ಬೆಳಕಿನಲ್ಲಿ, ಕಾಣದ ಹೊಗೆ ಕುಡಿದ ಮಗು ಬಿಳುಚಿಕೊಂಡಿತ್ತು. ಖತೀಜಮ್ಮ ಅದರ ಮುಖಕ್ಕೆ ನೀರು ಚಿಮುಕಿಸಿ, ಬೆನ್ನು ತಟ್ಟಿ, ಗಟ್ಟಿಯಾಗಿ ಪ್ರಾರ್ಥನೆಯ ಸಾಲುಗಳನ್ನು ಹೇಳಿದರು. ಕೊನೆಗೆ ಅದು ವಾಂತಿ ಮಾಡಿತು, ಆಮೇಲೆ ಅತ್ತಿತು. ಆ ಅಳು ಕೇಳಿದ ಮೇಲೆಯೇ ಶಂಭು ಮೈನ್ ಸ್ವಿಚ್ಚಿನ ಕಡೆಗೆ ಓಡಿದ್ದು.

ಮೆರೂನ್ ಬಟ್ಟೆ ಕಿತ್ತಾಗ ಜ್ವಾಲೆ ಇರಲಿಲ್ಲ. ಗೋಣಿಗಳ ಒಳಗೆ, ಹೊಸೆದ ವಯರಿನಿಂದ ಶುರುವಾಗಿ, ಹೆಗ್ಗಣ ಕೊರೆದಂತೆ ಒಂದು ಕಪ್ಪು ಬಿಲ ಹೋಗಿತ್ತು; ಅಂಚಿನಲ್ಲಿ ಸಣ್ಣ ಕೆಂಪು ಗೆರೆ ಓಡುತ್ತಿತ್ತು. ರವೂಫ್ ಅಂಗಿ ಕಳಚಿ ಗೋಣಿಗಳನ್ನು ಎಳೆಯತೊಡಗಿದ. ಸ್ವರ್ಣಲತಾ ಬಾವಿಯಿಂದ ಸೇದಿ ಸೇದಿ ಕೊಟ್ಟಳು. ಪ್ರಾಪ್ತಿ ಮೂಡುಬಿದಿರೆಯ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದಳು. ಅಂಗಳಕ್ಕೆ ಎಸೆದ ಗೋಣಿಗಳು ನೀರು ಕುಡಿದು ಬುಸುಗುಟ್ಟಿ, ನಡುವಿನಿಂದ ಮತ್ತೆ ಹೊಗೆ ಬಿಟ್ಟವು.

ಕೊನೆಯ ಗೋಣಿ ಹೊರಬಿದ್ದಾಗ ರವೂಫ್ ಬೆವರು ಒರೆಸಿ ಶಂಭುವಿನ ಹೆಗಲ ಮೇಲೆ ಕೈಯಿಟ್ಟ. ಅವನ ಕಿರಿಯ ಮಗಳು ಕಾರಿನಲ್ಲಿ ಬಿಸ್ಕತ್ತು ತಿನ್ನುತ್ತಿದ್ದಳು. ಅವನ ಜೀವಕ್ಕೆ ಸಮಾಧಾನವಾಗಿತ್ತು.

‘ಹೋಗ್ಲಿ ಬಿಡಿ. ತಪ್ಪು ಎಲ್ಲಿ ಅಂತ ಗೊತ್ತಾಯ್ತಲ್ಲ. ಸೌಂಡು ಮಾತ್ರ ಒಂದನೇ ನಂಬ್ರ. ನಮ್ಮಲ್ಲಿ ಸಿಪ್ಪೆ ಬೇಡ, ಬೇರೆ ಎಂತಾದ್ರೂ ಹಾಕುವ. ಬರುವ ತಿಂಗಳು ಬನ್ನಿ.’

ಶಂಭು ಬಯಸಿದ್ದ ಮಾತು ಅದೇ. ಬೇರೆ ಏನನ್ನಾದರೂ ತುಂಬಬಹುದು. ಅದರ ಹಿಂದೆ ವಯರು ಹೋಗುತ್ತದೆ. ವಯರು ಸಾಲದೆ ಹೋದ ಕಡೆ ಕೈ ತಾನಾಗಿ ಬಾಯಿಗೆ ಹೋಗುತ್ತದೆ, ಹಲ್ಲು ತುದಿ ಸುಲಿಯುತ್ತದೆ.

‘ಬೇಡ ರವೂಫ್ ಭಾಯಿ’ ಎಂದ. ‘ಮಂಗಳೂರಿನವರನ್ನೇ ಕರೀರಿ. ನಂದು ಬೆಳಿಗ್ಗೆ ಬಿಚ್ಚುವ ಕೆಲಸ.’

‘ಸಿಟ್ಟಲ್ಲಿ ಹೇಳ್ಬೇಡಿ ಮಾರಾಯ್ರೇ.’

‘ಸಿಟ್ಟಲ್ಲ. ಮಕ್ಕಳನ್ನು ಕರ್ಕೊಂಡು ಮೊದ್ಲು ಡಾಕ್ಟ್ರಲ್ಲಿಗೆ ಹೋಗಿ.’

ಕಾರು ಹೋಯಿತು. ಬರಿದಾದ ಕೋಣೆಯಲ್ಲಿ ಕೆಂಪುಕಲ್ಲು ನೀರಿಗೆ ಹಬೆಯಾಡುತ್ತಿತ್ತು. ಸ್ವರ್ಣಲತಾ ಹಿಂದಿನಿಂದ ಬಂದು ಅವನ ತೋಳು ಹಿಡಿದಳು. ‘ಅಲ್ಲಿ ನೋಡಿ’ ಎಂದಳು.

ಹಲಸಿನ ತೊಲೆ ಗೋಡೆಯೊಳಗೆ ಹೊಗುವಲ್ಲಿ ಅದರ ಬುಡ ಕಪ್ಪಾಗಿತ್ತು. ಕಲ್ಲಿಗೂ ಮರಕ್ಕೂ ನಡುವಿನ ಬಿರುಕಿನಿಂದ ನೂಲಿನಷ್ಟು ಹೊಗೆ ನೇರವಾಗಿ ಮೇಲೇಳುತ್ತಿತ್ತು. ಶಂಭು ಏಣಿ ಹತ್ತಿ ಚೆಂಬಿನಿಂದ ಬಿರುಕಿಗೆ ನೀರು ಹೊಯ್ದ. ಚುಂಯ್ ಎಂದಿತು, ನಿಂತಿತು. ಇಬ್ಬರೂ ಬಿರುಕನ್ನೇ ನೋಡಿದರು. ಹೊಗೆ ಮತ್ತೆ ಬಂತು. ಪಕ್ಕದ ಕೋಣೆಗೆ ಓಡಿದ ಪ್ರಾಪ್ತಿ ಅಲ್ಲಿಂದಲೇ ಕೂಗಿದಳು:

‘ಅಪ್ಪ, ಈ ಬದಿಯಲ್ಲೂ ಗೋಡೆ ಬಿಸಿ ಉಂಟು!’

‘ಹೊರಗೆ ಬಾ ಮಗಾ. ಪುಸ್ತಕ ಎಲ್ಲ ಇರ್ಲಿ, ನೀನು ಬಾ.’

ಅಗ್ನಿಶಾಮಕದವರು ದಾರಿಯಲ್ಲಿದ್ದೇವೆ ಎಂದು ಹೇಳಿದ್ದರು. ತಾಯಿ, ಮಗಳು ಅಂಗಳದ ತುದಿಗೆ ಹೋಗಿ ರಸ್ತೆಯ ಕಡೆಗೆ ಮುಖ ಮಾಡಿ ನಿಂತರು. ಶಂಭು ಏಣಿಯ ಮೇಲೆಯೇ ಉಳಿದ. ತಲೆಯ ಮೇಲೆ ಎಲ್ಲೋ ಒಂದು ಹಂಚು ಮೆಲ್ಲನೆ ಜಾರಿತು. ಅವನು ಇನ್ನೊಂದು ಚೆಂಬು ನೀರು ಹೊಯ್ದು, ಕಿವಿಯನ್ನು ತೊಲೆಗೆ ಹಚ್ಚಿ, ಒಳಗಿನ ಬೆಂಕಿಯ ನಡಿಗೆ ಎಲ್ಲಿಯವರೆಗೆ ಹೋಗಿದೆ ಎಂದು ಆಲಿಸಿದ.