ಎರಡು ಪಾಯಿಂಟಿನ ಹಾಳೆ

ನಾನು ಹುಬ್ಬಳ್ಳಿಯವಳು. ಅಂಕಿ-ಅಂಶವೇ ನನ್ನ ಅನ್ನ. ದುಬೈ ಸಿಲಿಕಾನ್ ಓಯಸಿಸ್‌ನ ಆಫೀಸಿನಲ್ಲಿ ಮಾಡುವುದೂ ಅದೇ. ಹಾಗಾಗಿ ಮಗಳು ಅಮೆರಿಕನ್ ಫುಟ್‌ಬಾಲ್ ಆಡತೊಡಗಿದಾಗ ಸುಮ್ಮನೆ ಚಪ್ಪಾಳೆ ತಟ್ಟುತ್ತ ಕೂರುವುದು ನನ್ನಿಂದಾಗಲಿಲ್ಲ. ಹುಡುಗಿಯರದು ಮೈಮೇಲೆ ಬೀಳದ ಆಟ. ಚೆಂಡು ಹಿಡಿದವಳ ಸೊಂಟದ ಪಟ್ಟಿ ಕಿತ್ತರೆ ಓಟ ಮುಗಿಯಿತು. ಚೆಂಡು ಗೆರೆ ದಾಟಿದರೆ ಆರು ಪಾಯಿಂಟ್. ಆಮೇಲೊಂದು ಹೆಚ್ಚುವರಿ ಪ್ರಯತ್ನ: ಹತ್ತಿರದಿಂದಾದರೆ ಒಂದು, ದೂರದಿಂದಾದರೆ ಎರಡು.

ಎರಡು ಸೀಸನ್ ಪ್ರತಿಯೊಂದು ಪ್ರಯತ್ನವನ್ನೂ ಬರೆದಿಟ್ಟು ಕೋಚ್‌ಗೆ ಒಂದು ಹಾಳೆ ಕೊಟ್ಟೆ. ನಮ್ಮ ತಂಡ ಯಾವಾಗಲೂ ಎರಡಕ್ಕೇ ಹೋಗಬೇಕು ಎಂಬುದು ಅದರ ಸಾರ. ಅವರು ಅದನ್ನು ಲ್ಯಾಮಿನೇಟ್ ಮಾಡಿಸಿದರು. ನನಗೆ ಎರಡು ಕೋಡು ಮೂಡಿದವು.

ಹೊಸ ಸೀಸನ್ನಿನ ಮೊದಲ ಆಟವೇ ನಾಲ್ಕು ತಂಡಗಳ ಟೂರ್ನಿಯ ಸೆಮಿಫೈನಲ್. ಅವತ್ತು ಚೆಂಡೆಸೆಯುವ ಜಾಗ ಮೊದಲ ಸಲ ಮಗಳಿಗೆ ಸಿಕ್ಕಿತ್ತು. ವಾರವಿಡೀ ಅವಳು ಸರಿಯಾಗಿ ಊಟ ಮಾಡಿರಲಿಲ್ಲ. ಕೊನೆಯ ನಿಮಿಷದಲ್ಲಿ ನಮ್ಮವರು ಗೆರೆ ದಾಟಿದರು, ಆದರೂ ಒಂದು ಪಾಯಿಂಟ್ ಹಿಂದೆ. ಕೋಚ್ ಹಾಳೆ ನೋಡಿ ಎರಡು ಬೆರಳೆತ್ತಿದರು.

ಆಗ ನನಗೆ ಹೊಳೆಯಿತು. ಹಾಳೆಯಲ್ಲಿದ್ದ ಎಸೆತಗಳೆಲ್ಲ ಮೊದಲು ಆ ಜಾಗದಲ್ಲಿ ಆಡುತ್ತಿದ್ದ ಬೇರೊಬ್ಬ ಹುಡುಗಿಯವು. ಅಪ್ಪನ ವೀಸಾ ಕ್ಯಾನ್ಸಲ್ ಆಗಿ ಅವಳು ಬೇಸಿಗೆಯಲ್ಲೇ ಊರಿಗೆ ಹೋಗಿದ್ದಳು. ಇಲ್ಲಿ ಪ್ರತಿ ವರ್ಷವೂ ಯಾರಾದರೂ ಹೀಗೆ ಹೋಗುತ್ತಾರೆ, ನಾವೂ ಮರೆತುಬಿಡುತ್ತೇವೆ. 'ನಮ್ಮ ತಂಡ' ಎಂದು ಬರೆಯುವಾಗ ನಾನು ಅವಳು ಹೋದದ್ದನ್ನೇ ಮರೆತಿದ್ದೆ.

ಬಾಯಿ ಬಿಟ್ಟರೆ ಮಗಳ ಕೈಯಲ್ಲಿ ಅಷ್ಟು ಕಸುವಿಲ್ಲ ಎಂದು ಎಲ್ಲರೆದುರು ಸಾರಿದಂತೆ. ಸುಮ್ಮನಿದ್ದರೆ ನನ್ನ ತಪ್ಪಿಗೆ ಅವಳು ಸೋಲಬೇಕು. ಹುಡುಗಿಯರು ಆಗಲೇ ಸಾಲಾಗಿ ನಿಂತಿದ್ದರು. ಪೋಷಕರು ಮೈದಾನಕ್ಕೆ ಬರಬಾರದೆಂಬ ನಿಯಮ ಮರೆತು ಓಡಿದೆ.

"ಕೋಚ್, ಒನ್! ಗೋ ಫಾರ್ ಒನ್! ದಟ್ ಶೀಟ್ ಈಸ್ ನಾಟ್ ಹರ್ಸ್!"

ಮಗಳು ತಿರುಗಿ ನೋಡಿದಳು. ಕೋಚ್ ಒಂದು ಬೆರಳು ಮಡಚಿದರು. ಅವಳ ಎಸೆತ ಸರಿಯಾಗಿಯೇ ಬಿತ್ತು. ಸ್ಕೋರು ಸಮವಾಗಿ, ಹೆಚ್ಚುವರಿ ಆಟದಲ್ಲಿ ನಾವು ಗೆದ್ದೆವು. ನಾನು ನಾಚಿಕೆಯಿಲ್ಲದೆ ಅತ್ತೆ.

ಕಾರಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು.

"ಗೆದ್ದೀರಲ್ಲ ಮತ್ತ, ಯಾಕ ಮಾರಿ ಸಣ್ಣ ಮಾಡ್ಕೊಂಡಿ?"

"ಅವಳು ಇದ್ದಿದ್ರೆ ಯು ವುಡ್ ಹ್ಯಾವ್ ಸೆಡ್ ಟೂ. ರೈಟ್, ಅಮ್ಮ?"

ಸಿಗ್ನಲ್ ಹಸಿರಾಯಿತು. ಹಿಂದಿನವನು ಹಾರ್ನ್ ಹೊಡೆದ.

"ಹೌದು," ಅಂದೆ.

ಲೆಕ್ಕದಲ್ಲಿ ನಾನೆಂದೂ ಸುಳ್ಳು ಹೇಳಿದವಳಲ್ಲ. ಅವತ್ತು ಹೇಳಬೇಕಿತ್ತು.