ಶರಣಮ್ಮ ಆಯಿಯ ಎಣ್ಣೆನೀರು

ಶರಣಮ್ಮ ಆಯಿ ನೀರಿನ ಬಿಸಿ ನೋಡುತ್ತಿದ್ದದ್ದು ಮೊಣಕೈಯಿಂದ. ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡರೆಂದರೆ ಎಂಥ ರಚ್ಚೆಯ ಕೂಸೂ ತೆಪ್ಪಗಾಗುತ್ತಿತ್ತು. ಕಲಬುರಗಿ ಕಡೆಯವರು, ಗಂಡ ತೀರಿಕೊಂಡ ಮೇಲೆ ಮಣಿಕೊಂಡ ಬಡಾವಣೆಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ಮಗನ ಜೊತೆ ಇದ್ದರು. ನಮ್ಮ ಅಪಾರ್ಟ್‌ಮೆಂಟಿನ ಅರ್ಧ ಕೂಸುಗಳಿಗೆ ನೀರೆರೆದವರು ಅವರೇ. ಸೀರೆ ಕೊಡಲು ಹೋದರೆ, “ಹುಚ್ಚಿ ಅದಿಯೇನ? ಕೂಸಿಗೆ ನೀರ ಹಾಕಿದ್ದಕ್ಕ ಸೀರಿ ತಗೋತಾರೇನ?” ಎಂದು ಬೈಯುತ್ತಿದ್ದರು.

ನನ್ನ ಮಗಳು ಪಲ್ಲವಿಗೆ ಶೇಂಗಾ ಆಗುತ್ತಿರಲಿಲ್ಲ. ಶೇಂಗಾ ಹಿಂಡಿ ಇಲ್ಲದೆ ಊಟವೇ ಮಾಡದ ಮನೆತನ ನಮ್ಮದು, ಅವಳಿಗೆ ಚೂರು ತಾಗಿದರೂ ಉಸಿರು ಕಟ್ಟುತ್ತಿತ್ತು. ಆರನೇ ವರ್ಷಕ್ಕೆ ಡಾಕ್ಟರು ಶೇಂಗಾ ಪುಡಿಯನ್ನೇ ಔಷಧದ ಹಾಗೆ ಚಿಟಿಕೆ ಚಿಟಿಕೆ ಕೊಟ್ಟು ಮೈಗೆ ಒಗ್ಗಿಸಲು ಶುರು ಮಾಡಿದರು. ಪ್ರಮಾಣ ಏರಿಸುವುದು ಆಸ್ಪತ್ರೆಯಲ್ಲಿ, ಅವರ ಕಣ್ಣೆದುರು. ಆಮೇಲೆ ಅಷ್ಟನ್ನೇ ದಿನಾ ಮನೆಯಲ್ಲಿ ನಾನು ಕೊಡಬೇಕು. ಜ್ವರವಿದ್ದರೆ ಕೊಡಬಾರದು; ಕೊಟ್ಟ ಮೇಲೆ ಎರಡು ತಾಸು ಓಡಿಸಬಾರದು, ಬಿಸಿನೀರು ಹಾಕಬಾರದು. ಮೈ ಕಾದರೆ ಒಗ್ಗಿದ ಪುಡಿಯೂ ತಿರುಗಿ ಬೀಳುತ್ತದೆ. ಓಡಿಸಬೇಡಿ ಅಂತ ಆಯಿಗೆ ಹೇಳಿದ್ದೆ. ನೀರಿನ ವಿಷಯ ಹೇಳಿರಲಿಲ್ಲ.

ದೀಪಾವಳಿ ಬೆಳಗ್ಗೆ ಪುಡಿ ಕೊಟ್ಟಿದ್ದೆನಷ್ಟೆ, ಆಫೀಸಿನ ಫೋನು ಬಂತು. ಹಬ್ಬದ ದಿನವೂ ಬಿಡುವುದಿಲ್ಲ ಪಾಪಿಗಳು. ಬಾಲ್ಕನಿಗೆ ಹೋದೆ. ಆಯಿ ಒಳಗೆ ಬಂದು, “ಕೂಸು ಹಂಗ ಕುಂತೈತಲ್ಲ. ಎಣ್ಣಿ ಹಚ್ಚಿ ನೀರ ಹಾಕಲೇನ?” ಎಂದು ಕೇಳಿದರು. ನಾನು ಫೋನು ಕಿವಿಯಿಂದ ತೆಗೆಯದೆ, ಹೂಂ ಎಂದು ಕೈಯಾಡಿಸಿದೆ.

ಕೆಮ್ಮು ಕೇಳಿ ಓಡಿಹೋದಾಗ ಪಲ್ಲವಿಯ ಮೈತುಂಬ ಕೆಂಪು ದದ್ದು, ತುಟಿ ಊದಿ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ತುರ್ತಿಗೆಂದು ಕೊಟ್ಟಿದ್ದ ಇಂಜೆಕ್ಷನ್ನನ್ನು ತೊಡೆಗೆ ಚುಚ್ಚಿದೆ. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಆಯಿ ಒದ್ದೆ ಸೀರೆಯಲ್ಲೇ ಅವಳ ಪಾದ ಹಿಡಿದು ಕೂತಿದ್ದರು. ಮಗಳು ಉಳಿದಳು, ಐಸಿಯುನಲ್ಲಿ ಎರಡು ದಿನ ನಮ್ಮ ಜೀವ ತೆಗೆದು ಉಳಿದಳು.

ಬಿಸಿನೀರಿನ ವಿಷಯ ಮನೆಯಲ್ಲಿ ಎಲ್ಲರಿಗೂ ಹೇಳಿದ್ದಿರಾ ಎಂದು ಡಾಕ್ಟರು ಕೇಳಿದರು. ಗಂಡ ನನ್ನ ಮುಖವನ್ನೇ ನೋಡುತ್ತಿದ್ದರು.

“ಹೇಳಿದ್ದೆ. ಆಯಿಗೂ ಹೇಳಿದ್ದೆ,” ಅಂದೆ.

ಬಾಗಿಲಲ್ಲಿ ನಿಂತಿದ್ದ ಆಯಿ ವಾದ ಮಾಡಲಿಲ್ಲ. “ಹೇಳಿರ್ತಾಳ್ರಿ. ನಾನ ಮರತಿರಬೇಕು,” ಅಂದರು.

ಯಾವ ಕೂಸಿಗೆ ಯಾವಾಗ ಹಲ್ಲು ಬಂತು ಎಂದು ವಾರ ಸಮೇತ ಹೇಳುತ್ತಿದ್ದ ಹೆಂಗಸು ಅದು. ಮತ್ತೆ ಯಾರ ಕೂಸನ್ನೂ ಮುಟ್ಟಲಿಲ್ಲ. ಎದುರು ಮನೆಯ ಬಾಣಂತಿ ಬಂದು ಕರೆದರೆ, “ಬ್ಯಾಡವ್ವ, ನನ್ನ ತಲಿ ನೆಟ್ಟಗಿಲ್ಲ,” ಎಂದು ಬಾಗಿಲು ಮುಂದೆ ಮಾಡಿದರು. ಗ್ಯಾಸು ಆರಿಸಿದೆನೇ ಎಂದು ಮೂರು ಮೂರು ಸಲ ಎದ್ದು ನೋಡತೊಡಗಿದರು. ಮಗ ಮರೆವಿಗೆ ಮಾತ್ರೆ ಕೊಡಿಸಿದ. ನಾನು ಇದೆಲ್ಲವನ್ನೂ ಮೇಲಿನ ಮನೆಯಲ್ಲಿದ್ದುಕೊಂಡು ನೋಡಿದೆ, ಬಾಯಿ ಬಿಡಲಿಲ್ಲ. ನನ್ನಂಥ ಹೇಡಿ ಇನ್ನೊಬ್ಬಳಿರಲಿಕ್ಕಿಲ್ಲ.

ಬೀದರಿನ ಮಗಳ ಮನೆಗೆ ಹೊರಟ ದಿನ ಆಯಿ ನನ್ನ ಕೈ ಹಿಡಿದುಕೊಂಡರು. “ಖರೇ ಹೇಳವ್ವ, ಯಾವತ್ತ ಹೇಳಿದ್ದಿ ನೀ? ದಿನಾ ಹುಡಕ್ತೀನಿ, ಸಿಗವಲ್ದು.”

ಅವರ ಮಗ ಪಕ್ಕದಲ್ಲೇ ನಿಂತಿದ್ದ.

“ದಸರಾದ ಮರುದಿನ, ಆಯಿ. ನಿಮ್ಮ ಅಡಿಗಿ ಮನ್ಯಾಗ ಹೇಳಿದ್ದೆ.”

“ಹೌದೇನ,” ಅಂದರು, ಕೈ ಬಿಟ್ಟರು.

ಮರುವರ್ಷ ತೀರಿಕೊಂಡರು. ಸುದ್ದಿ ಹೇಳಲು ಮಗ ಮೇಲೆ ಬಂದಿದ್ದ. ಕೊನೆಯವರೆಗೂ ಆಯಿ ಅವನಿಗೆ ಫೋನು ಮಾಡಿ, ದಸರಾದ ಮರುದಿನ ನಮ್ಮ ಅಡುಗೆಮನೆಗೆ ಯಾರು ಬಂದಿದ್ದರು ಎಂದು ಕೇಳುತ್ತಲೇ ಇದ್ದರಂತೆ.