ಧಾರೆಗೆ ಬಾರದ ಕಪಿಲೆಯ ನೀರು

1905ರ ಫೆಬ್ರವರಿ, ಸೋಮವಾರ, ಬೆಳಗಿನ ಏಳು ಗಂಟೆ. ಟಿ. ನರಸೀಪುರದ ಹೊಳೆದಡದ ಮಂಟಪದಲ್ಲಿ ಹಾಜರಿದ್ದವರು ಜನಾಂಗ ಸಮೀಕ್ಷೆಯ ಸೂಪರಿಂಟೆಂಡೆಂಟ್ ಸಾಹೇಬರು, ಅಳತೆ ಗುಮಾಸ್ತನಾದ ನಾನು, ಹರಿಗೋಲು ನಡೆಸುವ ಚೆನ್ನ ಮತ್ತು ಅವನ ಮಗಳು ನಿಂಗಿ.

ಕ್ಯಾಲಿಪರ್ ಹಿಡಿಯುವುದು ನನ್ನ ಕೆಲಸ. ಅದು ಇಕ್ಕಳದಂಥ ಉಕ್ಕಿನ ಸಾಧನ. ಮೂಗಿನ ಉದ್ದಗಲ ಅಳೆದು ಸರಾಸರಿ ತೆಗೆದರೆ ಒಂದು ಗುಂಪಿನ ಮೂಲ ತಿಳಿಯುತ್ತದೆ, ಮೂಗು ಸಪೂರವಾದಷ್ಟೂ ಕುಲ ಮೇಲು ಎಂಬ ಸಿದ್ಧಾಂತವನ್ನು ಆಗ ದೊಡ್ಡ ವಿದ್ವಾಂಸರೇ ನಂಬಿದ್ದರು.

ಹಿಂದಿನ ವರ್ಷ ನಂಜನಗೂಡಿನ ಹರಿಗೋಲಿನವರನ್ನು ಅಳೆದಿದ್ದೆವು. ಅವರೂ ನರಸೀಪುರದವರೂ ತಲೆಮಾರುಗಳಿಂದ ಹೆಣ್ಣು ಕೊಟ್ಟು ತರುವ ನೆಂಟರು. ಮದುವೆಗೆ ನಂಜನಗೂಡಿನವರು ಕಪಿಲೆಯ ನೀರು ತರಬೇಕು, ನರಸೀಪುರದವರು ಕಾವೇರಿಯ ನೀರು ತುಂಬಿಡಬೇಕು. ಎರಡನ್ನೂ ಬೆರೆಸಿಯೇ ಧಾರೆ ಎರೆಯುವುದು. ಅಳತೆ ಮುಗಿದ ದಿನ ಸಾಹೇಬರು, ನರಸೀಪುರದವರನ್ನು ಅಳೆಯುವ ಮೊದಲೇ, ಅಲ್ಲಿನ ಯಜಮಾನ ಸಿದ್ದಯ್ಯನಿಗೆ, "ನಿಮ್ಮದು ಮೇಲಿನ ಮೂಲ. ನರಸೀಪುರದವರು ನಿಮ್ಮವರಿರಲಾರರು" ಎಂದಿದ್ದರು.

ಸಿದ್ದಯ್ಯನ ಮಗನಿಗೂ ನಿಂಗಿಗೂ ನಾವು ನರಸೀಪುರಕ್ಕೆ ಬಂದ ವಾರವೇ ಮದುವೆ ನಡೆಯಬೇಕಿತ್ತು. ಒಂಬತ್ತರ ಹೊತ್ತಿಗೆ ಸಿದ್ದಯ್ಯ ಗಾಡಿಯಿಂದ ಬರಿಗೈಯಲ್ಲಿ ಇಳಿದ.

"ಬನ್ನಿ ಬೀಗ್ರೇ! ನೀರೆಲ್ಲಿ? ದಾರೀಲೇ ಕುಡ್ಕಂಡ್ಬುಟ್ರಾ?" ಎಂದು ಚೆನ್ನ ನಕ್ಕ.

ಸಿದ್ದಯ್ಯ ನಗಲಿಲ್ಲ. "ಬೀಗ್ರು ಅನ್ಬ್ಯಾಡ ಚೆನ್ನ. ನಮ್ದು ಬ್ಯಾರೆ ಕುಲವಂತೆ. ಸಾಯೇಬ್ರೇ ಅಳ್ದು ಏಳವ್ರೆ. ಉಡ್ಗಂಗೆ ಬ್ಯಾರೆ ಕಡೆ ನೋಡ್ತೀವಿ."

"ನಿನ್ನ ಎತ್ತವ್ಳು ನಮ್ಮಪ್ಪನ ತಂಗಿ ಕಣಯ್ಯಾ! ಅವ್ಳ ಮೂಗ ಯಾರಯ್ಯಾ ಅಳ್ದವ್ರು?"

ನಿಂಗಿ ನೇರವಾಗಿ ನನ್ನೆದುರು ಬಂದು ಕುಳಿತಳು.

"ನನ್ನ ಅಳೀರಿ ಸಾ. ಅವ್ರಿಗಿಂತ ದಪ್ಪಾನಾ, ನೋಡೇಬುಡನ."

ಅಳೆದೆ. ಅವಳ ಮೂಗು ಸಿದ್ದಯ್ಯನದಕ್ಕಿಂತ ಸಪೂರವಾಗಿತ್ತು. ಸಾಹೇಬರಿಗೆ ಹೇಳಿದೆ.

"ಒಂದು ಮೂಗಿನಿಂದ ಏನೂ ತೀರ್ಮಾನವಾಗದು. ಸರಾಸರಿ ಬೇಕು" ಎಂದರು.

"ಮದ್ವೆ ನಂಗೊಬ್ಳಿಗೇ ಅಲ್ವಾ ಸಾ?" ಎಂದಳು ನಿಂಗಿ.

ಸಾಹೇಬರು ಸಿದ್ದಯ್ಯನ ಕಡೆ ತಿರುಗಿ, "ನೀವು ಇವರಿಂದ ಹೆಣ್ಣು ತರುವುದಿಲ್ಲ ಅಲ್ಲವೆ?" ಎಂದು ಕೇಳಿದರು.

"ಇಲ್ಲ ಬುದ್ಧಿ."

ಸಾಹೇಬರ ಮುಖ ಅರಳಿತು. "ನೋಡಿದಿರಾ? ಪರಸ್ಪರ ಸಂಬಂಧವೇ ಇಲ್ಲದ ಎರಡು ಕುಲಗಳು. ನಮ್ಮ ಸಿದ್ಧಾಂತ ರುಜುವಾತಾಯಿತು. ಬರೆದುಕೊಳ್ಳಿ."

"ಸ್ವಾಮಿ, ನಾವು ಅಳೆಯುವವರೆಗೂ ತರುತ್ತಿದ್ದರು" ಎಂದೆ.

"ಬರೆಯಬೇಕಾದ್ದು ಇಂದಿನ ಸ್ಥಿತಿ" ಎಂದರು. ಅವರು ಕೆಟ್ಟವರಲ್ಲ, ಮನಸಾರೆ ನಂಬಿದ್ದರು.

ಸಂಜೆಯವರೆಗೆ ಉಳಿದವರ ಅಳತೆ ನಡೆಯಿತು. ಚೆನ್ನನೂ ತನ್ನ ಸರದಿ ಬಂದಾಗ ಬಂದು ಕುಳಿತ. ಅವನ ಕೆನ್ನೆ ಒದ್ದೆಯಾಗಿ ಉಕ್ಕು ಜಾರುತ್ತಿತ್ತು. ಎರಡು ಸಲ ಅಳೆಯಬೇಕಾಯಿತು.

ಮುಂದೆ ನಾನು ಜಮೀನು ಮೋಜಣಿಯಲ್ಲೂ ದುಡಿದೆ. ಹೊಲವನ್ನು ಎಷ್ಟು ಸಲ ಅಳೆದರೂ ಹೊಲ ಹಾಗೇ ಇರುತ್ತದೆ. ಮನುಷ್ಯರನ್ನು ಅಳೆದು ನೀವು ಇಂಥವರು ಎಂದರೆ, ಅವರು ಅಂಥವರಾಗತೊಡಗುತ್ತಾರೆ. ಸೇವೆಯಲ್ಲಿ ನಾನು ಕಲಿತದ್ದು ಇದನ್ನು.

ದಿನದ ಕೊನೆಗೆ ಸಾಧನವನ್ನು ತೊಳೆದು, ಒರೆಸಿ, ಎಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿಡುವುದು ನಿಯಮ. ಆ ಸಂಜೆಯೂ ನೀರಿಗೆಂದು ಹೊಳೆಯತ್ತ ಹೊರಟೆ. ನಿಂಗಿ ಅರಿಸಿನ ಹಚ್ಚಿದ ತಂಬಿಗೆಯನ್ನು ತಂದು ಮುಂದೆ ಹಿಡಿದಳು. ಧಾರೆಗೆಂದು ತುಂಬಿಟ್ಟಿದ್ದ ಕಾವೇರಿ.

"ತಕ್ಕಳಿ ಸಾ. ಇನ್ಯಾತಕ್ಕೂ ಬ್ಯಾಡ ಇದು."

ಅವಳೇ ಸಣ್ಣಗೆ ಎರೆದಳು. ನಾನು ಕ್ಯಾಲಿಪರ್ ತೊಳೆದೆ, ಒರೆಸಿದೆ, ಎಣ್ಣೆ ಹಚ್ಚಿ ಪೆಟ್ಟಿಗೆಗೆ ಬೀಗ ಹಾಕಿದೆ.